ಯಾವುದಕ್ಕೆ ಹೋಲಿಸಿದ್ರೆ?

1/9
ಎರಡು ವಾರದಿಂದ ನನ್ನ ಫೀಡ್ ತುಂಬ ಒಂದೇ ಥರದ ರೀಲು. "ಇಮ್ಯುನೋಥೆರಪಿ ಜೊತೆ ಹೊಸ ಔಷಧಿ, ಕೊನೇ ಹಂತದ ಕ್ಯಾನ್ಸರ್ ಇದ್ದವರಲ್ಲಿ ಅರ್ಧಕ್ಕರ್ಧ ಜನರ ಗೆಡ್ಡೆ ಕರಗಿತು." ಹಿಂದೆ ಪಿಯಾನೋ ಮ್ಯೂಸಿಕ್ಕು, ಮುಂದೆ ಬಿಳಿ ಕೋಟು. ನಮ್ಮ ಕ್ಲಾಸ್ ಗ್ರೂಪಿಗೂ ಮೂರು ಜನ ಹಾಕಿದ್ರಿ. ಹೆಸರು ಹೇಳಲ್ಲ, ಓದ್ತಾ ಇದ್ದೀರಂತ ಗೊತ್ತು.

ನಾನು ಡಾಕ್ಟರಲ್ಲ. ಬಿಕಾಂ. ಆದ್ರೆ ಇದು ಅರ್ಧ ಲೆಕ್ಕದ ವಿಷಯ, ಲೆಕ್ಕ ನಮ್ಮ ಏರಿಯಾ. ಮಾರ್ಜಿನಲ್ ಕಾಸ್ಟಿಂಗ್ ಪಾಠ ನೆನಪಿದೆಯಾ? ಅಂಗಡಿಗೆ ಹೊಸ ಐಟಂ ಸೇರಿಸಿದಾಗ ಅಂಗಡಿಯ ಒಟ್ಟು ಲಾಭ ಎಷ್ಟು ಅಂತ ಕೇಳಲ್ಲ, ಆ ಐಟಂ ತಾನೇ ತಂದಿದ್ದು ಎಷ್ಟು ಅಂತ ಕೇಳ್ತೀವಿ. ಅದರ ಹೆಸರು ಕಾಂಟ್ರಿಬ್ಯೂಷನ್. ತಮಾಷೆ ಅಂದ್ರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಎರಡು ಔಷಧಿ ಸೇರಿಸಿ ಕೊಡುವಾಗ ಇದೇ ಪದ ಬಳಸುತ್ತೆ.

ಹಾಗಾಗಿ ನನ್ನ ಮಾತು ಇಷ್ಟೇ. ಹೋಲಿಕೆ ಗುಂಪೇ ಇಲ್ಲದ "ಅರ್ಧಕ್ಕರ್ಧ ಜನ" ಅನ್ನೋದು ಸಿಹಿಸುದ್ದಿ ಅಲ್ಲ, ಇನ್ನೂ ಸುದ್ದಿನೇ ಅಲ್ಲ. ಅದನ್ನೇ ನಂಬಿ ನೂರಾರು ರೋಗಿಗಳನ್ನ ದೊಡ್ಡ ಟ್ರಯಲ್‌ಗೆ ಇಳಿಸೋದು ತಪ್ಪು. ಅದನ್ನ ಪವಾಡ ಅಂತ ಶೇರ್ ಮಾಡೋದೂ ತಪ್ಪು. ಕೋಪ ಬಂದ್ರೆ ಬರ್ಲಿ, ಸ್ವೈಪ್ ಮಾಡಿ.

2/9
ಮೊದಲು ಇಮ್ಯುನೋಥೆರಪಿ ಅಂದ್ರೇನು ಅಂತ ಎರಡೇ ಮಾತಲ್ಲಿ. ನಮ್ಮ ದೇಹದಲ್ಲಿ ಟಿ ಕಣ ಅಂತ ಕಾವಲುಗಾರರಿದ್ದಾರೆ. ಅವರು ಮಿತಿ ಮೀರಿ ನಮ್ಮನ್ನೇ ಹೊಡೀಬಾರದು ಅಂತ ಅವರಿಗೆ ಬ್ರೇಕ್ ಇದೆ. ಕ್ಯಾನ್ಸರ್ ಕಿಲಾಡಿ, ಆ ಬ್ರೇಕನ್ನ ತಾನೇ ಒತ್ತಿ ಹಿಡಿಯುತ್ತೆ. ಇಪಿಲಿಮುಮಾಬ್, ಪೆಂಬ್ರೊಲಿಜುಮಾಬ್, ನಿವೊಲುಮಾಬ್ ಅನ್ನೋ ಔಷಧಿಗಳು ಆ ಬ್ರೇಕ್ ಬಿಡಿಸ್ತವೆ. ಮೊದಲನೆಯದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ, ಮಿಕ್ಕೆರಡಕ್ಕೆ 2014ರಲ್ಲಿ. ಈ ಬ್ರೇಕಿನ ಕೆಲಸ ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಬ್ರೇಕ್ ಬಿಟ್ಟ ಗಾಡಿ ಎಲ್ಲಿಗೆ ಬೇಕಾದ್ರೂ ನುಗ್ಗಬಹುದು. ಕರುಳು, ಲಿವರ್, ಶ್ವಾಸಕೋಶ, ಥೈರಾಯ್ಡ್. ಇದನ್ನ ಮರೀಬೇಡಿ, ಆರನೇ ಪೋಸ್ಟಲ್ಲಿ ಬೇಕಾಗುತ್ತೆ.

3/9
ಈ ಔಷಧಿ ಕೆಲಸ ಮಾಡಿದ್ರೆ ಅದ್ಭುತವಾಗಿ ಮಾಡುತ್ತೆ, ಆದ್ರೆ ಬಹಳ ಜನರಲ್ಲಿ ಮಾಡೋದೇ ಇಲ್ಲ. ಅದಕ್ಕೆ "ಜೊತೆಗೆ ಇನ್ನೊಂದು ಸೇರಿಸೋಣ" ಅನ್ನೋ ಯೋಚನೆ ಬಂತು. ಯೋಚನೆ ತಪ್ಪಲ್ಲ. ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಹರಡಿದ್ದ 945 ಜನರನ್ನ ಒಂದು ಟ್ರಯಲ್‌ನಲ್ಲಿ ಮೂರು ಗುಂಪು ಮಾಡಿದ್ರು. ಒಂದಕ್ಕೆ ಇಪಿಲಿಮುಮಾಬ್ ಮಾತ್ರ, ಒಂದಕ್ಕೆ ನಿವೊಲುಮಾಬ್ ಮಾತ್ರ, ಒಂದಕ್ಕೆ ಎರಡೂ. ಐದು ವರ್ಷ ಆದ ಮೇಲೆ ಬದುಕಿದ್ದವರು ಶೇ 26, ಶೇ 44, ಶೇ 52. ಎರಡೂ ತಗೊಂಡವರಲ್ಲಿ ಔಷಧಿಯಿಂದಲೇ ಗಂಭೀರ ತೊಂದರೆ ಆಗಿದ್ದು ಶೇ 59 ಜನಕ್ಕೆ. ನಿವೊಲುಮಾಬ್ ಒಂದನ್ನೇ ತಗೊಂಡವರಲ್ಲಿ ಶೇ 25ಕ್ಕೂ ಕಡಿಮೆ.

ನೋಡಿ, ಇದು ಲೆಕ್ಕ. ಎರಡನೇ ಔಷಧಿ ಎಷ್ಟು ತಂತು, ಎಷ್ಟು ಕಿತ್ಕೊಂಡಿತು, ಎರಡೂ ಕಾಣುತ್ತೆ. ರೋಗಿ ಕೂತು ಯೋಚಿಸಿ "ನನಗೆ ಬೇಕು" ಅಥವಾ "ಬೇಡಪ್ಪ" ಅನ್ನಬಹುದು.

ಆದ್ರೆ ಇದು ಗೆದ್ದ ಮೇಲೆ ಶುರುವಾಗಿದ್ದು ಸಂತೆ. 2017ರ ಸೆಪ್ಟೆಂಬರ್ ಹೊತ್ತಿಗೆ ಈ ಬ್ರೇಕ್ ಬಿಡಿಸೋ ಪಿಡಿ-1 ಜಾತಿಯ ಔಷಧಿಗಳ ಮೇಲೆ ಜಗತ್ತಲ್ಲಿ 1502 ಟ್ರಯಲ್ ಇದ್ವು, ಅದರಲ್ಲಿ 1105 ಕಾಂಬಿನೇಷನ್. ಒಂದೇ ವರ್ಷದಲ್ಲಿ ಅದು 2250ಕ್ಕೆ ಏರಿತು, ಕಾಂಬಿನೇಷನ್ 1716. ಇಷ್ಟು ಐಡಿಯಾ ಒಂದೇ ವರ್ಷದಲ್ಲಿ ಯಾರ ತಲೆಯಲ್ಲಿ ಹುಟ್ಟುತ್ತೆ ಗುರು? ಪೆಂಬ್ರೊಲಿಜುಮಾಬ್‌ನ ಬ್ರ್ಯಾಂಡ್ ಹೆಸರು ಕೀಟ್ರುಡಾ. 2023ರಲ್ಲಿ ಅದೊಂದರ ಮಾರಾಟ 25 ಬಿಲಿಯನ್ ಡಾಲರ್. ಅಂಥ ಬಸ್ಸು ಹೊರಟಾಗ ಎಲ್ಲರಿಗೂ ಫುಟ್‌ಬೋರ್ಡ್ ಆದ್ರೂ ಸಾಕು.

4/9
ಈಗ ನಿಜವಾದ ಕಥೆ. ಎಪಕಡೊಸ್ಟಾಟ್ ಅಂತ ಒಂದು ಮಾತ್ರೆ. ಇನ್‌ಸೈಟ್ ಅನ್ನೋ ಅಮೆರಿಕನ್ ಕಂಪನಿಯದು. ಗೆಡ್ಡೆಯ ಸುತ್ತ ಐಡಿಒ1 ಅನ್ನೋ ಒಂದು ಎನ್‌ಜೈಮ್ ಟಿ ಕಣಗಳನ್ನ ಸುಸ್ತು ಮಾಡುತ್ತೆ, ಇದು ಆ ಎನ್‌ಜೈಮನ್ನ ತಡೆಯುತ್ತೆ. ಥಿಯರಿ ಚೆನ್ನಾಗಿದೆ. ಪೆಂಬ್ರೊಲಿಜುಮಾಬ್ ಜೊತೆ ಸೇರಿಸಿ ಕೊಟ್ಟ ಮೊದಲ ಟ್ರಯಲ್‌ನಲ್ಲಿ ಮೆಲನೋಮಾ ಇದ್ದವರು 22 ಜನ. 12 ಜನರ ಗೆಡ್ಡೆ ಕುಗ್ಗಿತು. ಶೇ 55! ಪೆಂಬ್ರೊಲಿಜುಮಾಬ್ ಒಂಟಿಯಾಗಿ ಕೊಟ್ಟ ಹಿಂದಿನ ದೊಡ್ಡ ಟ್ರಯಲ್‌ನಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಮಾತ್ರ ಹಾಗಾಗಿತ್ತು. ಎಲ್ಲರೂ ಕುಣಿದ್ರು.

ಪೆನ್ನು ತಗೊಳ್ಳಿ. 22 ಜನರಲ್ಲಿ ಮೂರೇ ಮೂರು ಜನರ ಗೆಡ್ಡೆ ಬೇರೆ ಥರ ನಡ್ಕೊಂಡಿದ್ರೆ 12 ಹೋಗಿ 9 ಆಗ್ತಿತ್ತು, ಶೇ 55 ಹೋಗಿ ಶೇ 41. ಮೂರು ಜನ! ಅದೂ ಅಲ್ದೆ ಮೊದಲ ಹಂತದ ಟ್ರಯಲ್‌ಗೆ ಸಾಮಾನ್ಯವಾಗಿ ಬರೋದು ಇನ್ನೂ ಓಡಾಡೋ ಶಕ್ತಿ ಇರೋರು, ರಕ್ತ ಪರೀಕ್ಷೆ ಸರಿ ಇರೋರು, ದೊಡ್ಡ ಆಸ್ಪತ್ರೆವರೆಗೆ ಪದೇ ಪದೇ ಬರಬಲ್ಲವರು. ಮೊದಲನೇ ಬೆಂಚಿನವರನ್ನ ಮಾತ್ರ ಸೇರಿಸ್ಕೊಂಡು "ನಮ್ಮ ಟ್ಯೂಷನ್‌ನಲ್ಲಿ ಎಲ್ಲರೂ ಡಿಸ್ಟಿಂಕ್ಷನ್" ಅಂತ ಫ್ಲೆಕ್ಸ್ ಹಾಕ್ತಾರಲ್ಲ, ಅದೇ. ಪಕ್ಕದಲ್ಲಿ ಟ್ಯೂಷನ್‌ಗೆ ಹೋಗದ ಮೊದಲನೇ ಬೆಂಚಿನವರನ್ನ ಕೂರಿಸಿ ನೋಡಿದ್ರೆ ಗೊತ್ತಾಗೋದು.

ಆಮೇಲೆ ಹಾಗೇ ಕೂರಿಸಿ ನೋಡಿದ್ರು. 706 ಜನ. ಎಲ್ಲರಿಗೂ ಪೆಂಬ್ರೊಲಿಜುಮಾಬ್, ಅರ್ಧ ಜನಕ್ಕೆ ಜೊತೆಗೆ ಎಪಕಡೊಸ್ಟಾಟ್, ಇನ್ನರ್ಧಕ್ಕೆ ಅದರ ಥರಾನೇ ಕಾಣೋ ಸುಳ್ಳು ಮಾತ್ರೆ. 2018ರ ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ರೋಗ ಮತ್ತೆ ಬೆಳೆಯೋವರೆಗಿನ ಮಧ್ಯಮ ಅವಧಿ ಹೊಸ ಮಾತ್ರೆ ಗುಂಪಲ್ಲಿ 4.7 ತಿಂಗಳು, ಸುಳ್ಳು ಮಾತ್ರೆ ಗುಂಪಲ್ಲಿ 4.9. ಒಂದು ವರ್ಷಕ್ಕೆ ಬದುಕಿದ್ದವರು ಎರಡರಲ್ಲೂ ಶೇ 74. ಕಾಂಟ್ರಿಬ್ಯೂಷನ್ ಸೊನ್ನೆ. ಇನ್‌ಸೈಟ್ ಷೇರು ಒಂದೇ ದಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬಿತ್ತು. ಇದೇ ಜಾತಿ ಔಷಧಿ ಹಿಡ್ಕೊಂಡು ಹಿಂದೆ ಓಡ್ತಿದ್ದ ಬೇರೆ ಕಂಪನಿಗಳೂ ತಮ್ಮ ದೊಡ್ಡ ಟ್ರಯಲ್‌ಗಳನ್ನ ನಿಲ್ಲಿಸಿದ್ವು.

22 ಜನರ ಮೇಲೆ ಹೋಲಿಕೆ ಇಲ್ದೆ ನೋಡಿದ್ದಕ್ಕೂ 706ಕ್ಕೂ ಮಧ್ಯೆ ನೂರು ನೂರೈವತ್ತು ಜನರ, ಹೋಲಿಕೆ ಗುಂಪಿರೋ ಒಂದು ಟ್ರಯಲ್ ಇಡಬಹುದಿತ್ತು. ಇಡಲಿಲ್ಲ. ಯಾಕೆ? ಇಡೋಷ್ಟರಲ್ಲಿ ಪಕ್ಕದ ಕಂಪನಿ ಮುಂದೆ ಹೋಗ್ಬಿಡುತ್ತಲ್ಲ ಅನ್ನೋ ಭಯ. ಬೇರೆ ಕಾರಣ ಹುಡುಕಿದ್ರೂ ನನಗೆ ಕಾಣಲ್ಲ.

5/9
ಸರಿ, ಒಂದು ಸಲ ಎಡವಿದ್ರು, ಪಾಠ ಕಲಿತ್ರು ಅಂದ್ಕೊಂಡ್ರಾ?

ಅದೇ 2018ರ ಫೆಬ್ರವರಿ. ನೆಕ್ಟಾರ್ ಅನ್ನೋ ಕಂಪನಿಯ ಬೆಂಪೆಗ್ ಅನ್ನೋ ಔಷಧಿ (ಪೂರ್ತಿ ಹೆಸರು ಬೆಂಪೆಗಾಲ್ಡೆಸ್ಲ್ಯೂಕಿನ್, ಹೇಳೋಕೆ ಹೋದ್ರೆ ನಾಲಿಗೆ ಉಳುಕುತ್ತೆ). ಇದು ಟಿ ಕಣಗಳ ಸಂಖ್ಯೆ ಹೆಚ್ಚಿಸೋ ಥರದ್ದು. ನಿವೊಲುಮಾಬ್ ಮಾಡೋ ಬ್ರಿಸ್ಟಲ್ ಮಯರ್ಸ್ ಸ್ಕ್ವಿಬ್ ಇದಕ್ಕಾಗಿ 1 ಬಿಲಿಯನ್ ಡಾಲರ್ ನಗದು ಕೊಟ್ಟು, ಮೇಲೆ 850 ಮಿಲಿಯನ್ ಡಾಲರ್‌ಗೆ ನೆಕ್ಟಾರ್ ಷೇರು ಕೊಂಡಿತು, ಒಂದಕ್ಕೆ 102.60 ಡಾಲರ್ ಹಾಗೆ. ಕೈಲಿದ್ದ ಸಾಕ್ಷ್ಯ ಮತ್ತೆ ಅದೇ, ಹೋಲಿಕೆ ಗುಂಪಿಲ್ಲದ ಚಿಕ್ಕ ಟ್ರಯಲ್. ಆ ಟ್ರಯಲ್ ಮುಂದುವರಿದಾಗ ಮೆಲನೋಮಾ ಇದ್ದ 38 ಜನರಲ್ಲಿ 20 ಜನರ ಗೆಡ್ಡೆ ಕುಗ್ಗಿತ್ತು. ಮತ್ತೆ "ಅರ್ಧಕ್ಕರ್ಧ ಜನ".

ದೊಡ್ಡ ಟ್ರಯಲ್‌ನಲ್ಲಿ 783 ಜನ. 2022ರ ಮಾರ್ಚ್‌ನಲ್ಲಿ ಸೋತಿದೆ ಅಂತ ಪ್ರಕಟಣೆ. ಆಮೇಲೆ ಬಂದ ಅಂಕಿ ನಿಧಾನಕ್ಕೆ ಓದಿ. ಗೆಡ್ಡೆ ಕುಗ್ಗಿದ್ದು ನಿವೊಲುಮಾಬ್ ಒಂದೇ ತಗೊಂಡವರಲ್ಲಿ ಶೇ 36, ಬೆಂಪೆಗ್ ಸೇರಿಸಿದವರಲ್ಲಿ ಶೇ 27.7. ಔಷಧಿಯಿಂದಾದ ಗಂಭೀರ ತೊಂದರೆ ಒಂದೇ ಔಷಧಿಯವರಲ್ಲಿ ಶೇ 11.5, ಸೇರಿಸಿದವರಲ್ಲಿ ಶೇ 21.7. ಸೇರಿಸಿದ್ದಕ್ಕೆ ಸಿಕ್ಕಿದ್ದು ಕಡಿಮೆ ಲಾಭ, ಸುಮಾರು ಎರಡರಷ್ಟು ನೋವು.

102.60ಕ್ಕೆ ಕೊಂಡ ಷೇರು ಆ ದಿನ 5 ಡಾಲರ್‌ಗೂ ಕೆಳಗೆ ಬಿತ್ತು. ಅದನ್ನ ಬರೆಯೋಕೆ ಲೆಡ್ಜರ್‌ನಲ್ಲಿ ಒಂದು ಕಾಲಂ ಇದೆ, ನಷ್ಟ ಅಂತ ಬರೆದು ಮುಂದೆ ಹೋಗ್ತಾರೆ. ಇರೋ ಸ್ವಲ್ಪ ದಿನದಲ್ಲಿ ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕಿಸ್ಕೊಂಡು, ಜ್ವರ ಬರಿಸ್ಕೊಂಡು ಮಲಗಿದವರ ದಿನಗಳಿಗೆ ಯಾವ ಕಾಲಂ ಇದೆ ಹೇಳಿ?

6/9
ಇಲ್ಲಿವರೆಗೆ "ಪ್ರಯೋಜನ ಇಲ್ಲ" ಅನ್ನೋ ಕಥೆ. ಇದು ಅದಕ್ಕಿಂತ ಕೆಟ್ಟದ್ದು. ಈ ಪೋಸ್ಟ್ ಒಂದನ್ನೇ ಓದಿದ್ರೂ ಸಾಕು.

ಮಲ್ಟಿಪಲ್ ಮೈಲೋಮಾ ಅಂದ್ರೆ ಮೂಳೆಯ ಮಜ್ಜೆಯಲ್ಲಿ ಬರೋ ರಕ್ತದ ಕ್ಯಾನ್ಸರ್. ಅದಕ್ಕೆ ಮೊದಲೇ ಒಳ್ಳೆ ಔಷಧಿ ಜೋಡಿಗಳಿದ್ವು: ಪೊಮಾಲಿಡೊಮೈಡ್ ಜೊತೆ ಡೆಕ್ಸಾಮೆಥಸೋನ್, ಲೆನಾಲಿಡೊಮೈಡ್ ಜೊತೆ ಡೆಕ್ಸಾಮೆಥಸೋನ್. ಇವಕ್ಕೆ ಪೆಂಬ್ರೊಲಿಜುಮಾಬ್ ಸೇರಿಸಿ ಎರಡು ದೊಡ್ಡ ಟ್ರಯಲ್ ಶುರುವಾದ್ವು. ಅದಕ್ಕೂ ಮುಂಚಿನ ಚಿಕ್ಕ ಟ್ರಯಲ್‌ಗಳು ಭರವಸೆ ಕೊಟ್ಟಿದ್ವು. 2017ರ ಜುಲೈನಲ್ಲಿ ಎಫ್‌ಡಿಎ ಎರಡನ್ನೂ ನಿಲ್ಲಿಸಿತು. ಯಾಕಂದ್ರೆ ಮೊದಲ ಟ್ರಯಲ್‌ನ 249 ಜನರಲ್ಲಿ ಪೆಂಬ್ರೊಲಿಜುಮಾಬ್ ಸೇರಿಸಿದ ಗುಂಪಲ್ಲಿ 29 ಜನ ಸತ್ತಿದ್ರು, ಸೇರಿಸದ ಗುಂಪಲ್ಲಿ 21. ಎರಡನೆಯದರ 301 ಜನರಲ್ಲಿ ಸೇರಿಸಿದ ಕಡೆ 19, ಸೇರಿಸದ ಕಡೆ 9.

ಈಗ ಒಂದು ಕ್ಷಣ ಹೋಲಿಕೆ ಗುಂಪನ್ನ ಅಳಿಸಿ. 29 ಜನ ಸತ್ತಿದ್ದಾರೆ ಅಷ್ಟೇ. ಯಾರಾದ್ರೂ ಅನುಮಾನ ಪಡ್ತಿದ್ರಾ? ಮುಂದುವರಿದ ಕ್ಯಾನ್ಸರ್, ಹೋದ್ರು ಪಾಪ, ಅಂತಿದ್ರು. ಮನೆಯವರೂ ಹಾಗೇ ಅಂದ್ಕೊಂಡು ತಿಥಿ ಮಾಡಿ ಮುಗಿಸ್ತಿದ್ರು. ಕೊನೇ ಹಂತದ ಕಾಯಿಲೆಯಲ್ಲಿ ಔಷಧಿ ಕೊಂದ್ರೂ ಆ ಸಾವು ಕಾಯಿಲೆಯ ಖಾತೆಗೇ ಹೋಗುತ್ತೆ. ಸಾವು ಯಾರ ಖಾತೆಯದು ಅಂತ ಬೇರ್ಪಡಿಸಿದ್ದು ಪಕ್ಕದಲ್ಲಿದ್ದ ಹೋಲಿಕೆ ಗುಂಪು. "ಸಾಯೋರಿಗೆ ಹೋಲಿಕೆ ಗುಂಪು ಅಂತ ಕೂರಿಸೋದು ಕ್ರೂರ ಅಲ್ವಾ" ಅಂತ ಕೇಳೋರಿದ್ದಾರೆ. ಹೋಲಿಕೆ ಗುಂಪು ಅಂದ್ರೆ ಔಷಧಿ ಕೊಡದೆ ಸುಮ್ನೆ ಕೂರಿಸೋದು ಅಂದ್ಕೊಂಡಿದ್ದೀರಿ. ಅಲ್ಲ. ಆಗ ಇದ್ದ ಒಳ್ಳೆ ಚಿಕಿತ್ಸೆಯನ್ನೇ ಅವರಿಗೆ ಕೊಟ್ಟಿದ್ರು. ಈ ಟ್ರಯಲ್‌ಗಳಲ್ಲಿ ಹೆಚ್ಚು ಉಳಿದಿದ್ದೂ ಅವರೇ.

7/9
ಡಿಎಂಗೆ ಬಂದ ಪ್ರಶ್ನೆ: "ಹಾಗಾದ್ರೆ ಕಾಂಬಿನೇಷನ್ ಎಲ್ಲಾ ಮೋಸನಾ? ನಮ್ಮ ಚಿಕ್ಕಮ್ಮಂಗೆ ಡಾಕ್ಟರ್ ಎರಡು ಸೇರಿಸಿ ಕೊಡ್ತಿದ್ದಾರೆ."

ಅಯ್ಯೋ, ಇಲ್ಲಪ್ಪ. ದಯವಿಟ್ಟು ನನ್ನ ಪೋಸ್ಟ್ ನೋಡಿ ಯಾರ ಚಿಕಿತ್ಸೆಯನ್ನೂ ನಿಲ್ಲಿಸಬೇಡಿ. ಗೆದ್ದಿರೋ ಕಾಂಬಿನೇಷನ್‌ಗಳು ಇವೆ, ಜೋರಾಗಿ ಗೆದ್ದಿವೆ. ಹರಡಿದ ಮೂತ್ರಕೋಶದ ಕ್ಯಾನ್ಸರ್‌ಗೆ ಎನ್‌ಫೊರ್ಟುಮಾಬ್ ವೆಡೋಟಿನ್ ಮತ್ತು ಪೆಂಬ್ರೊಲಿಜುಮಾಬ್ ಜೋಡಿಯನ್ನ 886 ಜನರಲ್ಲಿ ಕೀಮೋಥೆರಪಿ ಜೊತೆ ಹೋಲಿಸಿದ್ರು. ಬದುಕಿನ ಮಧ್ಯಮ ಅವಧಿ 16.1 ತಿಂಗಳಿಂದ 31.5 ತಿಂಗಳಿಗೆ ಹೋಯ್ತು. 2023ರಲ್ಲಿ ಇದನ್ನ ಹೇಳಿದಾಗ ಡಾಕ್ಟರ್‌ಗಳ ಸಭೆ ಎದ್ದು ನಿಂತು ಚಪ್ಪಾಳೆ ಹೊಡೀತು. ನಾನೂ ಹೊಡೀತೀನಿ. ಯಾಕೆ ನಂಬ್ತೀನಿ? ಹೋಲಿಸಿದ್ರು, ಅದಕ್ಕೆ.

ನನ್ನ ವಾದಕ್ಕೆ ತೊಂದರೆ ಕೊಡೋ ಒಂದು ಉದಾಹರಣೆನೂ ಹೇಳ್ಬೇಕು. ಟಿಜಿಟ್ ಅನ್ನೋ ಇನ್ನೊಂದು ಬ್ರೇಕ್ ಬಿಡಿಸೋ ಟಿರಾಗೊಲುಮಾಬ್. ರೋಶ್ ಕಂಪನಿ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ನಾನು ಕೇಳ್ತಿರೋ ಥರದ್ದೇ ಮಧ್ಯದ ಟ್ರಯಲ್ ಮಾಡಿತ್ತು: 135 ಜನ, ಹೋಲಿಕೆ ಗುಂಪು ಸಮೇತ. ಶೇ 16ಕ್ಕೆ ಎದುರಾಗಿ ಶೇ 31 ಜನರ ಗೆಡ್ಡೆ ಕುಗ್ಗಿತು. ಆದ್ರೂ 534 ಜನರ ದೊಡ್ಡ ಟ್ರಯಲ್‌ನಲ್ಲಿ ಸೋತಿತು. ಅಂದ್ರೆ ಮಧ್ಯದ ಟ್ರಯಲ್ ಇಟ್ರೂ ಗ್ಯಾರಂಟಿ ಇಲ್ಲ, ನಿಜ. ಆದ್ರೆ ಆ 135 ಜನರ ಫಲಿತಾಂಶ ನೋಡಿ ಬೇರೆಯವರು ಮಾಡಿದ್ದೇನು? ರೋಶ್‌ನ ದೊಡ್ಡ ಟ್ರಯಲ್ ಮುಗಿಯೋಕೆ ಕಾದ್ರಾ? ಒಬ್ಬ ದೊನ್ನೆ ಬಿರಿಯಾನಿ ಅಂಗಡಿ ಇಟ್ಟು ಕ್ಯೂ ನಿಂತಿದ್ದು ಕಂಡ ತಕ್ಷಣ ಅದೇ ರೋಡಲ್ಲಿ ನಾಲ್ಕು ಅಂಗಡಿ ಏಳ್ತವಲ್ಲ, ಹಾಗೆ ಮರ್ಕ್, ಬೈಜೀನ್, ಜಿಎಸ್‌ಕೆ ಎಲ್ಲ ತಮ್ಮ ತಮ್ಮ ಟಿಜಿಟ್ ಔಷಧಿ ಹಿಡಿದು ಇಳಿದ್ರು. 2024-25ರಲ್ಲಿ ಒಂದೊಂದಾಗಿ ಶಟರ್ ಎಳೆದ್ರು. ಬಿರಿಯಾನಿ ಮಿಕ್ಕಿದ್ರೆ ನಾಯಿಗೆ ಹಾಕಬಹುದು. ಒಂದು ಟ್ರಯಲ್‌ಗೆ ಸೇರಿದ ರೋಗಿ ಸಾಮಾನ್ಯವಾಗಿ ಅದೇ ಹೊತ್ತಲ್ಲಿ ಇನ್ನೊಂದಕ್ಕೆ ಸೇರೋಕಾಗಲ್ಲ. ಇಲ್ಲಿ ಕಡಿಮೆ ಇರೋ ಸರಕು ದುಡ್ಡಲ್ಲ, ರೋಗಿಗಳು.

8/9
"ನಮಗೂ ಇದಕ್ಕೂ ಏನು ಸಂಬಂಧ, ಎಲ್ಲಾ ಅಮೆರಿಕದ ಕಥೆ" ಅಂದೋರಿಗೆ ಇದು.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ. ತಲೆ ಮತ್ತು ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರ್. ಬಾಯಿ, ಗಂಟಲು, ಅಂದ್ರೆ ನಮ್ಮ ಕಡೆ ಗುಟ್ಕಾ, ಹೊಗೆಸೊಪ್ಪು, ಎಲೆಅಡಿಕೆಯವರ ಕ್ಯಾನ್ಸರ್. (ಬರೀ ಅಡಿಕೆನೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ಹೇಳಿದೆ. ಮಲ್ನಾಡಿನ ಫ್ರೆಂಡ್ಸ್ ಬೈಬೇಡಿ, ಇನ್ನೊಂದು ದಿನ ಜಗಳ ಆಡೋಣ.) ಅಲ್ಲಿ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಅನ್ನೋ ಮೂರು ಹಳೇ ಮಾತ್ರೆಗಳನ್ನ ಚಿಕ್ಕ ಡೋಸಲ್ಲಿ ಕೊಡೋ ಪದ್ಧತಿ ಇತ್ತು. ಅದಕ್ಕೆ ನಿವೊಲುಮಾಬ್ ಸೇರಿಸಿದ್ರು. ಎಷ್ಟು? ಮೂರು ವಾರಕ್ಕೆ 20 ಮಿಲಿಗ್ರಾಂ. ಕಂಪನಿಯ ಮಾಮೂಲಿ ಡೋಸು ಎರಡು ವಾರಕ್ಕೆ 240. ಆರು ವಾರದ ಲೆಕ್ಕ ಹಾಕಿ: 40 ಎದುರು 720. ಹದಿನೆಂಟರಲ್ಲಿ ಒಂದು ಪಾಲು!

151 ಜನ, ಎರಡು ಗುಂಪು, ಚೀಟಿ ಎತ್ತಿದ ಹಾಗೆ ಹಂಚಿದ್ದು. ಒಂದು ವರ್ಷಕ್ಕೆ ಬದುಕಿದ್ದವರು ಮೂರು ಮಾತ್ರೆ ಗುಂಪಲ್ಲಿ ಶೇ 16.3, ಚೂರು ನಿವೊಲುಮಾಬ್ ಸೇರಿಸಿದ ಗುಂಪಲ್ಲಿ ಶೇ 43.4. ಮಧ್ಯಮ ಅವಧಿ 6.7 ತಿಂಗಳಿಂದ 10.1. ಗಂಭೀರ ತೊಂದರೆ ಹೆಚ್ಚಾಗಲಿಲ್ಲ. 2022ರಲ್ಲಿ ಜರ್ನಲ್ ಆಫ್ ಕ್ಲಿನಿಕಲ್ ಆಂಕಾಲಜಿಯಲ್ಲಿ ಬಂತು.

ಇದೂ ಇಮ್ಯುನೋಥೆರಪಿ ಕಾಂಬಿನೇಷನ್ನೇ. ಆದ್ರೆ ಕೇಳಿದ ಪ್ರಶ್ನೆ ನೋಡಿ: ಇನ್ನೂ ಏನು ಸೇರಿಸಬಹುದು ಅಂತಲ್ಲ, ಎಷ್ಟು ಕಡಿಮೆ ಸೇರಿಸಿದ್ರೆ ಸಾಕು ಅಂತ. ಈ ಪ್ರಶ್ನೆಯನ್ನ ಔಷಧಿ ಮಾರೋ ಕಂಪನಿ ಯಾಕೆ ಕೇಳುತ್ತೆ? ತನ್ನ ಮಾರಾಟವನ್ನ ಹದಿನೆಂಟರಿಂದ ಭಾಗಿಸೋಕೆ ಯಾವ ಷೇರುದಾರ ಒಪ್ತಾನೆ? ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಒಪ್ಪಿಗೆ ಪಡೆದ ಚಿಕಿತ್ಸೆ ಖರ್ಚಿನ ಕಾರಣಕ್ಕೆ ಶೇ 1ರಿಂದ 3 ಜನಕ್ಕೆ ಮಾತ್ರ ಎಟುಕುತ್ತೆ ಅಂತ ಆ ಪ್ರಬಂಧದಲ್ಲೇ ಬರೆದಿದ್ದಾರೆ. ಮಿಕ್ಕ 97 ಜನರ ಪ್ರಶ್ನೆ ಅದು.

ಇಲ್ಲೂ ನನ್ನ ರೂಲ್ ಬಿಡಲ್ಲ: ಯಾವುದಕ್ಕೆ ಹೋಲಿಸಿದ್ರೆ? ಮಾತ್ರೆಗಳಿಗೆ ಹೋಲಿಸಿದ್ರೆ. ಪೂರ್ತಿ ಡೋಸ್ ಕೊಟ್ಟ ಗುಂಪು ಆ ಟ್ರಯಲ್‌ನಲ್ಲಿ ಇರಲಿಲ್ಲ. ಹಾಗಾಗಿ "20 ಅಂದ್ರೂ ಒಂದೇ 240 ಅಂದ್ರೂ ಒಂದೇ" ಅಂತ ರೀಲ್ ಮಾಡ್ಬೇಡಿ. ಏನೂ ಎಟುಕದವರಿಗೆ 20 ದೊಡ್ಡದು ಅನ್ನೋದಷ್ಟೇ ಸಾಬೀತಾಗಿದ್ದು. ಅದೇನು ಕಮ್ಮಿ ಅಲ್ಲ. 1716 ಕಾಂಬಿನೇಷನ್ ಟ್ರಯಲ್ ನಡೆಸೋ ಜಗತ್ತಲ್ಲಿ ಇಂಥ ಟ್ರಯಲ್ ಇನ್ನೊಂದು ನೂರು ಇರಬೇಕಿತ್ತು ಅನ್ನೋದೇ ನನ್ನ ಹೊಟ್ಟೆಯುರಿ.

9/9
ಈಗ ಕೆಲಸದ ಮಾತು. ನಮ್ಮಲ್ಲಿ ಯಾರೂ ಫಾರ್ಮಾ ಕಂಪನಿಯ ಬೋರ್ಡಲ್ಲಿಲ್ಲ. ಆದ್ರೆ ಮನೇಲಿ ಯಾರಿಗೋ ಕಾಯಿಲೆ ಬಂದಾಗ ಫಾರಂ ಓದೋಕೆ ಕರೆಯೋದು ನಮ್ಮನ್ನೇ. "ಕಾಲೇಜಿಗೆ ಹೋಗ್ತೀಯಲ್ಲ, ಓದಿ ಹೇಳು."

ಭಾರತದಲ್ಲಿ ಕ್ಲಿನಿಕಲ್ ಟ್ರಯಲ್‌ಗೆ ಸೇರಿಸ್ಕೊಳ್ಳೋಕೆ ಮುಂಚೆ ಲಿಖಿತ ಒಪ್ಪಿಗೆ ಬೇಕು. ವಿವರಣೆಯನ್ನ ರೋಗಿಗೆ ಅರ್ಥ ಆಗೋ ಭಾಷೆಯಲ್ಲೇ ಕೊಡ್ಬೇಕು. ಅಜ್ಜಿಗೆ ಕನ್ನಡ ಮಾತ್ರ ಬರೋದಾದ್ರೆ ಕನ್ನಡದ ಪ್ರತಿ ಕೇಳಿ, ನಾಚಿಕೆ ಬೇಡ. ಟ್ರಯಲ್‌ನಿಂದ ಹಾನಿಯಾದ್ರೆ ಚಿಕಿತ್ಸೆ, ಪರಿಹಾರ ಕೊಡೋ ನಿಯಮ 2019ರ ಕಾಯ್ದೆ ನಿಯಮಾವಳಿಯಲ್ಲಿದೆ. ಯಾವಾಗ ಬೇಕಾದ್ರೂ ಹೊರಗೆ ಬರೋ ಹಕ್ಕೂ ಇದೆ.

2009ರ ಜೂನ್‌ನಿಂದ ಇಲ್ಲಿನ ಟ್ರಯಲ್‌ಗಳನ್ನ ಸಿಟಿಆರ್‌ಐ ಅನ್ನೋ ಸರ್ಕಾರಿ ನೋಂದಣಿ ಪುಟದಲ್ಲಿ ದಾಖಲಿಸೋದು ಕಡ್ಡಾಯ. ಯಾರು ಬೇಕಾದ್ರೂ ಫ್ರೀಯಾಗಿ ತೆಗೆದು ನೋಡಬಹುದು. ಔಷಧಿ ಹೆಸರು ಹಾಕಿ ಹುಡುಕಿ. ದುಡ್ಡು ಕೊಡ್ತಿರೋರು ಯಾರು, ಎಷ್ಟು ಜನ ಅಂತ ಇರುತ್ತೆ. ಇನ್ನೂ ಕೆಳಗೆ ಬಂದ್ರೆ "ಕಂಪ್ಯಾರೇಟರ್ ಏಜೆಂಟ್" ಅಂತ ಒಂದು ಸಾಲು. ಹೋಲಿಕೆ ಗುಂಪಿಗೆ ಏನು ಕೊಡ್ತಾರೆ ಅನ್ನೋದು ಅಲ್ಲಿದೆ. ಎಷ್ಟೋ ಕಡೆ ಅಲ್ಲಿ "ನಿಲ್" ಅಂತ ಬರೆದಿರುತ್ತೆ. ಮೊದಲ ಹಂತದ ಚಿಕ್ಕ ಟ್ರಯಲ್ ಆದ್ರೆ ಅದು ಸಹಜ, ಗಾಬರಿ ಬೇಡ. ಸೇರೋದೂ ಬಿಡೋದೂ ನಿಮ್ಮನೆಯವರ ಇಷ್ಟ. ಆದ್ರೆ ಡಾಕ್ಟರ್‌ನ ಎದುರಿಗೆ ಕೂತು "ಈ ಹೊಸ ಔಷಧಿ ಸೇರಿಸದೆ ಇದ್ರೆ ಏನಾಗುತ್ತೆ ಅಂತ ಯಾರಾದ್ರೂ ನೋಡಿದ್ದಾರಾ ಸರ್?" ಅಂತ ಒಂದು ಸಲ ಕೇಳಿ. ಒಳ್ಳೆ ಡಾಕ್ಟರ್‌ಗೆ ಈ ಪ್ರಶ್ನೆಯಿಂದ ಸಿಟ್ಟು ಬರಲ್ಲ.

ಹುಡುಕೋದು ಹೇಗೆ ಅಂತ ಸ್ಕ್ರೀನ್ ರೆಕಾರ್ಡ್ ಮಾಡಿ ಹೈಲೈಟ್ಸ್‌ನಲ್ಲಿ ಹಾಕಿದ್ದೀನಿ. ಎರಡೂವರೆ ನಿಮಿಷ ಇದೆ, ಸೌಂಡ್ ಆನ್ ಮಾಡ್ಕೊಳ್ಳಿ, ಹಿಂದೆ ನಮ್ಮನೆ ಕುಕ್ಕರ್ ಕೂಗೋದನ್ನ ಇಗ್ನೋರ್ ಮಾಡಿ.

#ಯಾವುದಕ್ಕೆಹೋಲಿಸಿದ್ರೆ #ಕನ್ನಡದಲ್ಲಿವಿಜ್ಞಾನ #ಬಿಕಾಂಲೆಕ್ಕ